ಪೀಣ್ಯದ ಅರ್ಧ ಲೀಟರ್ ರಿಯಾಕ್ಟರ್: ಬೋಲ್ಟ್ ಬಿಗಿಯುವವಳ ವಿಮರ್ಶೆ

ಕೊಟೇಶನ್ ಕೈಗೆ ಬಂದಾಗ ಮೊದಲು ಕಣ್ಣಿಗೆ ರಾಚುವುದು ದಪ್ಪಕ್ಷರದ ಎರಡು ಅಂಕಿ: 350 ಡಿಗ್ರಿ ಬಿಸಿ, 200 ಬಾರ್ ಒತ್ತಡ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಸುತ್ತಲಿನ ಗಾಳಿಯ ಒತ್ತಡದಷ್ಟು). ನಮ್ಮ ವಿಭಾಗದವರೂ ಅದನ್ನೇ ನೋಡಿ ಮಾರುಹೋದರು. ಪಾಚಿ ಬೇಯಿಸಿ ಕಚ್ಚಾ ತೈಲ ತೆಗೆಯುವ ಈ ಒತ್ತಡದ ಪಾತ್ರೆಯ ಜೊತೆ ಎಂಟು ತಿಂಗಳು ಏಗಿದ ಮೇಲೆ ನಾನು ಹೇಳುವುದು: ಅಂಕಿ ಬಿಡಿ, ಮುಚ್ಚಳ ನೋಡಿ. ಮುಚ್ಚಳಕ್ಕೆ ಎಷ್ಟು ಬೋಲ್ಟು, ಸಂದಿ ಮುಚ್ಚುವ ಉಂಗುರ, ಅಂದರೆ ಗ್ಯಾಸ್ಕೆಟ್, ಯಾವುದರದು, ಅದು ಕೈಕೊಟ್ಟ ದಿನ ಫೋನ್ ಎತ್ತುವವರು ಯಾರು. ಈ ಮೂರು ಗೊತ್ತಾದರೆ ಉಳಿದದ್ದನ್ನು ಹೇಗೋ ನಿಭಾಯಿಸಬಹುದು.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಕೆಮಿಕಲ್ ವಿಭಾಗದಲ್ಲಿ 22 ವರ್ಷದಿಂದ ಲ್ಯಾಬ್ ಇನ್‌ಸ್ಟ್ರಕ್ಟರ್. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನನ್ನ ಹೆಸರು ಬರುವುದು ಕೃತಜ್ಞತೆಯ ಪುಟದಲ್ಲಿ, ಅದೂ ಹುಡುಗರಿಗೆ ನೆನಪಿದ್ದರೆ. ಆದರೆ ಬೋಲ್ಟ್ ಬಿಗಿಯುವವಳು ನಾನು, ಬಿಚ್ಚುವವಳು ನಾನು, ತಳಕ್ಕೆ ಅಂಟಿದ ಟಾರನ್ನು ಕೆರೆಯುವವಳೂ ನಾನೇ. ಹಾಗಾಗಿ ಈ ಯಂತ್ರದ ಬಗ್ಗೆ ಮಾತಾಡುವ ಹಕ್ಕು ನನಗೆ ಪ್ರೊಫೆಸರ್‌ಗಳಿಗಿಂತ ಒಂದು ಗುಲಗಂಜಿ ಹೆಚ್ಚೇ ಇದೆ ಅಂದುಕೊಂಡಿದ್ದೇನೆ.

ಕೊಂಡದ್ದು ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಿಂದ. ಹೆಸರು ಬೇಡ, ಅವರ ಹೊಟ್ಟೆಪಾಡೂ ನಡೆಯಬೇಕು. ಎಸ್‌ಎಸ್ 316 ಉಕ್ಕಿನ 500 ಮಿಲಿ ಪಾತ್ರೆ, ಒಳಗಿನ ಅಗಲ 80 ಮಿಲಿಮೀಟರ್, ಎಂಟು ಬೋಲ್ಟಿನ ಮುಚ್ಚಳ, ಅದರ ಮೇಲೆ ಮ್ಯಾಗ್ನೆಟಿಕ್ ಕಲಕುಗೋಲು, ಪ್ರೆಶರ್ ಗೇಜ್, ನೀಡಲ್ ವಾಲ್ವ್, ಒತ್ತಡ ಮಿತಿ ಮೀರಿದರೆ ಹರಿದುಕೊಳ್ಳುವ ರಪ್ಚರ್ ಡಿಸ್ಕ್. ಸುತ್ತ ಒಂದೂವರೆ ಕಿಲೋವಾಟ್ ಹೀಟರ್, ಪಕ್ಕದಲ್ಲಿ ಕಂಟ್ರೋಲರ್ ಪೆಟ್ಟಿಗೆ. ಬೆಲೆ 2,85,000 ರೂಪಾಯಿ, ಮೇಲೆ 18% ಜಿಎಸ್‌ಟಿ. ಹೊರದೇಶದ್ದಕ್ಕೆ ತರಿಸಿದ್ದ ಕೊಟೇಶನ್ ನೋಡಿ ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಅದರ ಮುಂದೆ ಇದು ಅಗ್ಗವೇ.

ಇದರಲ್ಲಿ ಮಾಡುವುದೇನು? ಪಾಚಿಯಿಂದ ಕಚ್ಚಾ ತೈಲ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿಯನ್ನು ನೀರಿನಲ್ಲೇ ಕದಡಿ, ನೀರು ಆವಿಯಾಗಿ ಹಾರಿಹೋಗದಂತೆ ಮುಚ್ಚಿ, 300 ಡಿಗ್ರಿ ಆಸುಪಾಸಿಗೆ ಕಾಯಿಸುವುದು. ಆ ಬಿಸಿಯಲ್ಲಿ ನೀರು ನೀರಾಗಿಯೇ ಉಳಿಯಬೇಕಾದರೆ 86 ಬಾರ್ ಒತ್ತಡ ಬೇಕು. ಆಗ ಅದರ ಗುಣವೇ ಬೇರೆ. ನಮ್ಮ ಕೊಳಾಯಿ ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ಉಪ್ಪಿನಂಥದ್ದನ್ನು ಕರಗಿಸಿ ಎಣ್ಣೆಯಂಥದ್ದನ್ನು ದೂರವಿಡುವ ಗುಣದ ಅಳತೆ, 80ರ ಹತ್ತಿರ. 300 ಡಿಗ್ರಿಯಲ್ಲಿ ಅದು 20ಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ಅಸಿಟೋನಿನಷ್ಟು. ಎಣ್ಣೆ ಕಂಡರೆ ಮುಖ ತಿರುಗಿಸುತ್ತಿದ್ದ ನೀರು ಎಣ್ಣೆಯನ್ನು ಕರಗಿಸಿಕೊಳ್ಳುವ ದ್ರಾವಕವಾಗುತ್ತದೆ. ಪಾಚಿಯ ಕೊಬ್ಬು, ಪ್ರೋಟೀನ್, ಸಕ್ಕರೆ ಎಲ್ಲ ಮುರಿದು ಮತ್ತೆ ಕಲೆತು, ತಣ್ಣಗಾದಾಗ ಕಪ್ಪು ಜಿಗುಟಾಗಿ ಬೇರೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಹೈಡ್ರೋಥರ್ಮಲ್ ಲಿಕ್ವಿಫ್ಯಾಕ್ಷನ್. ಲ್ಯಾಬಿನಲ್ಲಿ ಎಲ್ಲರೂ ಎಚ್‌ಟಿಎಲ್ ಅನ್ನುತ್ತಾರೆ. ನಾನು ‘ಪಾಚಿ ಬೇಯಿಸೋದು’ ಅನ್ನುತ್ತೇನೆ.

ನಮ್ಮಜ್ಜಿಯ ಊರಲ್ಲಿ ಹೊಂಗೆ ಬೀಜ ಆಯ್ದು ಗಾಣಕ್ಕೆ ಹಾಕಿಸಿ ದೀಪಕ್ಕೆ ಎಣ್ಣೆ ತರುತ್ತಿದ್ದರು. ಬೀಜ ಒಣಗಬೇಕು, ಹಿಂಡಬೇಕು, ಮುಗಿಯಿತು. ಪಾಚಿಯದು ಹಾಗಲ್ಲ. ಕೊಳದಿಂದ ತೆಗೆದು ಸೋಸಿ ಗಟ್ಟಿ ಮಾಡಿದ ಮೇಲೂ ನೂರಕ್ಕೆ 80-90 ಪಾಲು ನೀರೇ. ಅದನ್ನು ಒಣಗಿಸುವ ಖರ್ಚೇ ಎಣ್ಣೆಯನ್ನು ತಿಂದುಹಾಕುತ್ತದೆ. ಒಂದು ಕೆ.ಜಿ. ನೀರನ್ನು 25 ಡಿಗ್ರಿಯಿಂದ ಕಾಯಿಸಿ ಪೂರ್ತಿ ಆವಿ ಮಾಡಲು ಸುಮಾರು 2,570 ಕಿಲೋಜೌಲ್ ಬೇಕು. ಅದೇ ನೀರನ್ನು ಒತ್ತಡದಲ್ಲಿಟ್ಟು, ಆವಿಯಾಗಲು ಬಿಡದೆ, 300 ಡಿಗ್ರಿಗೆ ಒಯ್ಯಲು 1,240 ಸಾಕು. ಮೇಲಾಗಿ ಆ ಶಾಖವನ್ನು ಹಿಂದಕ್ಕೆ ಪಡೆಯಬಹುದು, ಆವಿಯಾಗಿ ಹೋದದ್ದನ್ನು ಹಿಡಿಯುವುದು ಕಷ್ಟ. ಈ ವಿದ್ಯೆಯ ಗುಟ್ಟೆಲ್ಲ ಇಷ್ಟೇ. ನಮ್ಮ ಮೇಡಂ ಇದನ್ನು ಮೊದಲ ದಿನ ಬೋರ್ಡಿನ ಮೇಲೆ ಬರೆದಾಗಲೇ ನನಗೆ ಈ ಕೆಲಸ ಹಿಡಿಸಿದ್ದು.

ಈಗ ಯಂತ್ರದ ಕಥೆಗೆ ಬರೋಣ.

ಬಂದ ದಿನವೇ ಒಂದು ಕಿರಿಕ್. ಪಾತ್ರೆಯ ಕುತ್ತಿಗೆಯ ಮೇಲೆ ಕೊರೆದ ನಂಬರ್ ಒಂದು, ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ಏರಿಸಿ ನೋಡುವ ಪರೀಕ್ಷೆ) ಸರ್ಟಿಫಿಕೇಟ್ ಮೇಲಿನ ನಂಬರ್ ಇನ್ನೊಂದು. ಫೋನ್ ಮಾಡಿದರೆ, ‘ಎರಡೂ ಒಂದೇ ಬ್ಯಾಚು ಮೇಡಂ, ಟೈಪಿಂಗ್ ಮಿಸ್ಟೇಕು’ ಅಂದರು. 200 ಬಾರಿನ ಪಾತ್ರೆಗೆ ಟೈಪಿಂಗ್ ಮಿಸ್ಟೇಕ್ ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆಟೋದಲ್ಲಿ ಹಾಕಿಕೊಂಡು ನಾನೂ ಅಟೆಂಡರೂ ಪೀಣ್ಯಕ್ಕೇ ಹೋದೆವು. ಮೆಟ್ರೋದಲ್ಲಿ ಹೋಗೋಣ ಅಂದಿದ್ದ ಅವನು. ಹನ್ನೆರಡು ಕೆ.ಜಿ. ಉಕ್ಕಿನ ಉಂಡೆಗೆ ಮೂರು ವೈರು ಜೋತುಬಿದ್ದಿರುವುದನ್ನು ಸ್ಕ್ಯಾನರಿನಲ್ಲಿ ನೋಡಿದ ಸೆಕ್ಯುರಿಟಿಯವರ ಮುಖ ಹೇಗಿರುತ್ತಿತ್ತೋ!

ಆ ಶೆಡ್ಡನ್ನು ನೋಡಿದ್ದು ಒಳ್ಳೆಯದೇ ಆಯಿತು. ಎರಡು ಲೇತು, ಒಂದು ಮಿಲ್ಲಿಂಗ್, ಮೂಲೆಯಲ್ಲಿ ಗಣಪತಿ ಫೋಟೋ, ಕೂಲೆಂಟಿನ ಹುಳಿ ವಾಸನೆ. ಕೆಲಸ ಮಾಡುವ ಫಿಟ್ಟರ್ ಚಿತ್ರದುರ್ಗದ ಕಡೆಯ ಅರವತ್ತರ ಮನುಷ್ಯ. ಮಾಲೀಕರು ಏನೇನೋ ಸಮಜಾಯಿಷಿ ಹೇಳುತ್ತಿದ್ದರೆ ಆತ ಮಾತಾಡದೆ ಪಾತ್ರೆಗೆ ನೀರು ತುಂಬಿ, ಗಾಳಿ ಕಳೆದು, ಕೈಪಂಪ್ ಜೋಡಿಸಿದ. ಮುಳ್ಳು 100, 200, ಆಮೇಲೆ ಒಂದೊಂದು ಒತ್ತಿಗೂ ತಡೆದು ತಡೆದು 300. ಆ ಒತ್ತಡದಲ್ಲಿ ಎಂಬತ್ತು ಮಿಲಿಮೀಟರ್ ಮುಚ್ಚಳವನ್ನು ಒಳಗಿನಿಂದ ತಳ್ಳುವ ಬಲ ಹದಿನೈದು ಟನ್. ಲೆಕ್ಕ ಹಾಕಿಕೊಂಡ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆತ ನಕ್ಕ: ‘ಗಾಳಿ ತುಂಬಿದ್ರೆ ಓಡ್ಬೇಕು ಮೇಷ್ಟ್ರಮ್ಮ. ನೀರು ತುಂಬಿದ್ರೆ ಒಡೆದ್ರೂ ಉಗುಳಿ ಸುಮ್ಮನಾಗ್ತದೆ.’ ನಿಜವೇ, ತಣ್ಣೀರು ಅದುಮಿದರೆ ಹೆಚ್ಚು ಕುಗ್ಗುವುದಿಲ್ಲ, ಅದರಲ್ಲಿ ಕೂಡಿಟ್ಟ ಶಕ್ತಿ ಕಡಿಮೆ. ಟೆಸ್ಟಿಗೆ ನೀರು ಬಳಸುವುದೇ ಅದಕ್ಕೆ. ಅರ್ಧ ಗಂಟೆ ಮುಳ್ಳು ಅಲುಗಲಿಲ್ಲ. ಆತ ಹಳೇ ನ್ಯೂಸ್‌ಪೇಪರಿನ ಚೂರನ್ನು ಮುಚ್ಚಳದ ಅಂಚಿಗೆ ಸುತ್ತಲೂ ಒತ್ತಿ, ಎಲ್ಲಾದರೂ ಬೆವರಿದೆಯಾ ಅಂತ ನೋಡಿದ. ಕಾಗದ ಒಣಗಿಯೇ ಇತ್ತು. ಹೊಸ ಸರ್ಟಿಫಿಕೇಟ್, ಸರಿಯಾದ ನಂಬರ್, ಆ ದಿನದ ತಾರೀಖು. ಪಾತ್ರೆಯ ಉಕ್ಕಿಗೆ, ವೆಲ್ಡಿಂಗಿಗೆ, ಲೇತ್ ಕೆಲಸಕ್ಕೆ ನನ್ನ ಪೂರ್ತಿ ಅಂಕ ಅವತ್ತೇ ಬಿತ್ತು.

ಆದರೆ ತಣ್ಣೀರಿನ ಪರೀಕ್ಷೆಯಲ್ಲಿ ಗೆದ್ದ ಗ್ಯಾಸ್ಕೆಟ್ ಬಿಸಿನೀರಿನ ಪರೀಕ್ಷೆಯಲ್ಲಿ ಸೋತಿತು. ಅವರು ಹಾಕಿ ಕಳಿಸಿದ್ದು ಟೆಫ್ಲಾನ್ ಉಂಗುರ. ಟೆಫ್ಲಾನಿನ ತಾಳಿಕೆ 260 ಡಿಗ್ರಿಯವರೆಗೆ, ಆಮೇಲೆ ಅದು ಭಾರ ಹೊರುವ ವಸ್ತುವೇ ಅಲ್ಲ. ಮೊದಲ ಸಲ ಬರೀ ನೀರು ಹಾಕಿ ಕಾಯಿಸಿದಾಗ 280 ದಾಟುತ್ತಿದ್ದಂತೆ ಸುಯ್ ಅಂತ ಸಣ್ಣ ಶಬ್ದ. ಹೀಟರ್ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಎರಡು ಗಂಟೆ ಕಾದು ಬಿಚ್ಚಿದರೆ ಉಂಗುರ ಜಗಿದ ಚೂಯಿಂಗ್‌ಗಮ್‌ನಂತೆ ಮುಚ್ಚಳದ ಅಂಚಿನ ಸಂದಿಯಿಂದ ಹೊರಗೆ ಇಣುಕುತ್ತಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ, ಇಲ್ಲಿ ಮಾತೂ ತೂತೂ ಎರಡೂ ಇದ್ದವು: ಕೊಟೇಶನ್‌ನಲ್ಲಿ 350 ಅಂತ ಮಾತು, ಮುಚ್ಚಳದಲ್ಲಿ 260ರ ತೂತು.

ಫೋನ್ ಮಾಡಿದ ಮೂರನೇ ದಿನ ಅದೇ ಫಿಟ್ಟರ್ ಗ್ರಾಫೈಟ್ ಗ್ಯಾಸ್ಕೆಟ್ ಹಿಡಿದು ಬಂದ. ಮೊದಲ ಎರಡಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ಈಗ ಒಂದಕ್ಕೆ 1,100 ರೂಪಾಯಿ. ಆರೇಳು ಸಲ ಬಿಚ್ಚಿ ಮುಚ್ಚಿದರೆ ಅದರ ಆಯಸ್ಸು ಮುಗಿಯುತ್ತದೆ. ಬೋಲ್ಟನ್ನು ಗಡಿಯಾರದ ಮುಳ್ಳಿನಂತೆ ಸುತ್ತ ಬಿಗಿಯದೆ ಎದುರುಬದುರು, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಬಿಗಿಯಬೇಕು ಅಂತ ಆತನೇ ನಿಂತು ಕಲಿಸಿದ. ಟಾರ್ಕ್ ರೆಂಚ್ ಯಂತ್ರದ ಜೊತೆ ಬರುವುದಿಲ್ಲ, ನೀವೇ ಕೊಳ್ಳಬೇಕು. ಬೋಲ್ಟಿನ ತಿರುಪುಗೆರೆಗಳಿಗೆ ಬಿಸಿ ತಾಳುವ ಆ್ಯಂಟಿ-ಸೀಜ್ ಪೇಸ್ಟ್ ಬಳಿಯದಿದ್ದರೆ ಸ್ಟೀಲಿಗೆ ಸ್ಟೀಲ್ ಕಚ್ಚಿಕೊಂಡು ಮುಂದಿನ ಸಲ ಬೋಲ್ಟನ್ನು ಗರಗಸದಲ್ಲೇ ಕೊಯ್ಯಬೇಕು.

ಗೇಜಿನ ಬಗ್ಗೆ ನನಗೆ ಇನ್ನೂ ಕೋಪ ಇಳಿದಿಲ್ಲ. 0ದಿಂದ 400 ಬಾರಿನ ಗೇಜು, ಗೆರೆಗೆ ಗೆರೆಗೆ 10 ಬಾರ್ ಅಂತರ. ಪಾಚಿ ಬೆಂದಾಗ ಅನಿಲವೂ ಹುಟ್ಟುತ್ತದೆ, ಬಹುಪಾಲು ಇಂಗಾಲದ ಡೈಆಕ್ಸೈಡ್. ಪಾತ್ರೆ ಪೂರ್ತಿ ತಣ್ಣಗಾದ ಮೇಲೂ ಒಳಗೆ ನಾಲ್ಕೈದು ಬಾರ್ ಉಳಿದಿರುತ್ತದೆ. ಈ ಗೇಜಿನಲ್ಲಿ ಐದು ಬಾರ್ ಅಂದರೆ ಅರ್ಧ ಗೆರೆ, ಕಣ್ಣಿಗೆ ಸೊನ್ನೆಯೇ. ಆದರೆ ಮುಚ್ಚಳದ ಮೇಲೆ ಅದು ಇನ್ನೂರೈವತ್ತು ಕೆ.ಜಿ. ಭಾರದ ತಳ್ಳು. ಕೊನೆಯ ಬೋಲ್ಟ್ ಬಿಚ್ಚುತ್ತಿರುವ ಹುಡುಗನ ಮುಖ ಎಲ್ಲಿರುತ್ತದೆ ಅಂತ ಯೋಚಿಸಿ. ನಾವು ಎರಡನೇ ಗೇಜ್ ಹಾಕಿಸಿದೆವು, 0ದಿಂದ 16 ಬಾರಿನದು, ಮಧ್ಯೆ ಒಂದು ವಾಲ್ವ್ ಇಟ್ಟು. ತಣ್ಣಗಾದ ಮೇಲೆ ಮಾತ್ರ ಅದನ್ನು ತೆರೆಯುವುದು. ಬಿಸಿಯಲ್ಲಿ ಯಾರಾದರೂ ತೆರೆದರೆ ಆ ಗೇಜಿನ ಕಥೆ ಅಲ್ಲಿಗೇ ಮುಗಿಯಿತು, ಆದ್ದರಿಂದ ಅದರ ಹಿಡಿಯನ್ನೇ ಬಿಚ್ಚಿ ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.

ಕಂಟ್ರೋಲರ್ ಪೆಟ್ಟಿಗೆ ನೋಡಲು ಲಕ್ಷಣವಾಗಿದೆ. ತಾಪ ಅಳೆಯುವ ತುದಿಯನ್ನು ಮಾತ್ರ ಹೀಟರಿನ ಗೋಡೆಗೆ ಒತ್ತಿಟ್ಟಿದ್ದರು. ಹಾಗಾಗಿ 300 ಅಂತ ಒತ್ತಿದರೆ ಒಳಗಿನ ನೀರು ಒಮ್ಮೆ ತಡವಾಗಿ ಕಾದು, ಆಮೇಲೆ ಉಕ್ಕಿನಲ್ಲಿ ಕೂತಿದ್ದ ಶಾಖಕ್ಕೆ 322ರವರೆಗೆ ಹೋಗಿ ನಿಂತಿತು. ಇಪ್ಪತ್ತು ಡಿಗ್ರಿ ತಾನೇ ಅನ್ನಬೇಡಿ, ಇಲ್ಲಿ 86 ಇರಬೇಕಾದ ಒತ್ತಡ 115 ಆಗುತ್ತದೆ. ತುದಿಯನ್ನು ಪಾತ್ರೆಯೊಳಗಿನ ಕೊಳವೆಗೆ ಬದಲಾಯಿಸಿದ ಮೇಲೆ ಏರುಪೇರು ನಾಲ್ಕು ಡಿಗ್ರಿಗೆ ಇಳಿಯಿತು. ಇನ್ನೊಂದು ದೋಷ ಕರೆಂಟ್ ಹೋದಾಗ ಗೊತ್ತಾಗಿದ್ದು. ಮೇ ತಿಂಗಳ ಮಳೆಗೆ ಒಂದು ಸಂಜೆ ಕರೆಂಟ್ ಹೋಯಿತು, ನಾವು ಮನೆಗೆ ಹೊರಟೆವು. ಗೇಟಿನ ಹತ್ತಿರ ಬರುವಷ್ಟರಲ್ಲಿ ದೀಪ ಹತ್ತಿದವು. ನನಗೇನೋ ಅನ್ನಿಸಿ ವಾಪಸ್ ಹೋದರೆ, ಪುಣ್ಯಾತ್ಮ ಕಂಟ್ರೋಲರ್ ಯಾರನ್ನೂ ಕೇಳದೆ ಮತ್ತೆ 300ಕ್ಕೆ ಕಾಯಿಸಲು ಶುರುಮಾಡಿದ್ದ! ಮಾರನೇ ದಿನವೇ ಎಸ್‌ಪಿ ರೋಡಿಗೆ ಹೋಗಿ ಒಂದು ಕಾಂಟ್ಯಾಕ್ಟರ್ (ಕರೆಂಟ್ ಹೋದರೆ ತಾನೇ ಬಿಟ್ಟುಕೊಳ್ಳುವ ಸ್ವಿಚ್ಚು), ಹಸಿರು-ಕೆಂಪು ಒತ್ತುಗುಂಡಿ ತಂದೆ. ಈಗ ಒಮ್ಮೆ ಕರೆಂಟ್ ಹೋದರೆ ಮನುಷ್ಯರ ಬೆರಳು ಒತ್ತದೆ ಹೀಟರ್ ಹತ್ತುವುದಿಲ್ಲ. ಸಾವಿರ ರೂಪಾಯಿಯೂ ಆಗದ ಈ ವ್ಯವಸ್ಥೆಯನ್ನು ಕಾರ್ಖಾನೆಯಲ್ಲೇ ಯಾಕೆ ಹಾಕುವುದಿಲ್ಲವೋ.

ಕಲಕುಗೋಲು ಚೆನ್ನಾಗಿದೆ, ಒಂದು ದಿನವೂ ತಕರಾರು ಮಾಡಿಲ್ಲ. ಅದರ ಅಯಸ್ಕಾಂತ ಕಾಯದಂತೆ ತಣ್ಣೀರು ಹರಿಸಬೇಕು. ಬೋರ್‌ವೆಲ್ ನೀರು ಹರಿಸಬೇಡಿ, ಸುಣ್ಣ ಕಟ್ಟುತ್ತದೆ. ಬಕೆಟ್ಟು, ಅಕ್ವೇರಿಯಂ ಪಂಪು ಸಾಕು.

ಇದೆಲ್ಲ ತಿದ್ದಿಕೊಳ್ಳಬಹುದಾದದ್ದು. ನಾನು ಕ್ಷಮಿಸಲಾರದ್ದು ಮ್ಯಾನ್ಯುಯಲ್. ನಾಲ್ಕು ಪುಟ, ಇಂಗ್ಲಿಷಿನಲ್ಲಿ, ಅದರಲ್ಲಿ ಒಂದು ಪುಟ ವಾರಂಟಿ ಯಾವಾಗ ಸಿಗುವುದಿಲ್ಲ ಅನ್ನುವ ಪಟ್ಟಿ. ‘ಸಾಮರ್ಥ್ಯ 500 ಮಿಲಿ’ ಅಂತ ಇದೆ. ಎಷ್ಟು ತುಂಬಬಾರದು ಅಂತ ಎಲ್ಲೂ ಇಲ್ಲ. ಕೊನೇ ವರ್ಷದ ಒಬ್ಬ ಹುಡುಗ, ಜಾಣನೇ, ಒಂದೇ ಸಲಕ್ಕೆ ಹೆಚ್ಚು ಎಣ್ಣೆ ಬರಲಿ ಅಂತ 420 ಮಿಲಿ ತುಂಬಿ ಮುಚ್ಚಳ ಇಟ್ಟಿದ್ದ. ಇನ್ನೂ 80 ಮಿಲಿ ಖಾಲಿ ಇದೆಯಲ್ಲ ಅಂತ ಅವನ ಲೆಕ್ಕ. ನೀರು ಕಾದಂತೆ ಹಿಗ್ಗುತ್ತದೆ. 300 ಡಿಗ್ರಿಯಲ್ಲಿ ಒಂದು ಲೀಟರ್ ಜಾಗದಲ್ಲಿ ಹಿಡಿಯುವುದು 710 ಗ್ರಾಂ ಚಿಲ್ಲರೆ. ಅವನ 420 ಮಿಲಿ 220 ಡಿಗ್ರಿ ಹೊತ್ತಿಗೇ ಪಾತ್ರೆಯನ್ನು ಕಂಠಮಟ್ಟ ತುಂಬಿರುತ್ತಿತ್ತು. ಅಲ್ಲಿಂದ ಮುಂದೆ ಹಿಗ್ಗಲು ಜಾಗವಿಲ್ಲದ ನೀರು ಒಂದೊಂದು ಡಿಗ್ರಿಗೂ ಹತ್ತು ಬಾರಿಗಿಂತ ಹೆಚ್ಚು ಒತ್ತಡ ಏರಿಸುತ್ತದೆ. ಇನ್ನು ಹದಿನೈದಿಪ್ಪತ್ತು ಡಿಗ್ರಿಯಲ್ಲಿ ರಪ್ಚರ್ ಡಿಸ್ಕ್ ಸಿಡಿಯುತ್ತಿತ್ತು. ಅದು ಸಿಡಿಯದೆ ಹೋಗಿದ್ದರೆ? ಬೋಲ್ಟ್ ಬಿಗಿಯಲು ನಾನು ಪಾತ್ರೆ ಎತ್ತಿದಾಗ ಯಾಕೋ ಭಾರ ಅನ್ನಿಸಿತು, ‘ಎಷ್ಟು ಹಾಕಿದೆಯೋ?’ ಅಂದೆ. ಅಷ್ಟೇ ನಮ್ಮ ಸುರಕ್ಷತಾ ವ್ಯವಸ್ಥೆ, ನನ್ನ ಮೊಣಕೈ.

ಅವತ್ತು ಸಂಜೆ ಕೂತು ಡ್ರಾಯಿಂಗ್ ಹಾಳೆಯ ಮೇಲೆ ಕೆಂಪು ಸ್ಕೆಚ್‌ಪೆನ್ನಿನಲ್ಲಿ ಕನ್ನಡದಲ್ಲೇ ಬರೆದೆ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಗ್ಯಾಸ್ಕೆಟ್ ಎಣಿಸಿ, ಏಳನೇ ಸಲಕ್ಕೆ ಬಿಸಾಡಿ. ಸಣ್ಣ ಗೇಜ್ ನೋಡದೆ ಬೋಲ್ಟ್ ಮುಟ್ಟಬೇಡಿ. ಹೀಗೆ ಹನ್ನೊಂದು ಸಾಲು. ಕೈ ನಡುಗುತ್ತಿತ್ತು, ಅಕ್ಷರ ಸೊಟ್ಟಗೆ ಬಂತು, ಹಾಗೇ ಗೋಡೆಗೆ ಅಂಟಿಸಿದೆ.

ಎಣ್ಣೆ ಎಷ್ಟು ಬಂತು ಅಂತ ಕೇಳಬೇಕಲ್ಲ ನೀವು. ಮೊದಲು ಬೇಯಿಸಿದ್ದು ಸ್ಪಿರುಲಿನಾ ಪುಡಿ, ಆರೋಗ್ಯಕ್ಕೆ ಅಂತ ಡಬ್ಬಿಯಲ್ಲಿ ಮಾರುವುದೇ. ನಿಜ ಹೇಳಬೇಕೆಂದರೆ ಅದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಆದರೂ ಎಲ್ಲರೂ ಪಾಚಿ ಲೆಕ್ಕಕ್ಕೇ ಸೇರಿಸುತ್ತಾರೆ. 250 ಮಿಲಿ ನೀರಿಗೆ 25 ಗ್ರಾಂ, 300 ಡಿಗ್ರಿ, ಅರ್ಧ ಗಂಟೆ. ಸಿಕ್ಕ ಎಣ್ಣೆ 7 ಗ್ರಾಂ. ಸ್ಪಿರುಲಿನಾದಲ್ಲಿ ಕೊಬ್ಬು ತೀರಾ ಕಡಿಮೆ, ನೂರಕ್ಕೆ ಅರವತ್ತು ಪಾಲಿನ ಸುಮಾರು ಪ್ರೋಟೀನೇ. ಗಾಣಕ್ಕೆ ಹಾಕಿದರೆ ಒಂದು ತೊಟ್ಟೂ ಬರದು. ಬಿಸಿನೀರು ಪ್ರೋಟೀನನ್ನೂ ಮುರಿದು ಎಣ್ಣೆಯಾಗಿಸುತ್ತದೆ ಅನ್ನುವುದನ್ನು ನಾನು ಓದಿ ನಂಬಿರಲಿಲ್ಲ, ತಕ್ಕಡಿಯಲ್ಲಿ ನೋಡಿ ನಂಬಿದೆ. ಅದಕ್ಕೆ ತೆರಬೇಕಾದ ಬೆಲೆ ಸಾರಜನಕ. ಪ್ರೋಟೀನಿನ ಸಾರಜನಕ ಎಣ್ಣೆಗೂ ಇಳಿಯುತ್ತದೆ, ಪಾಚಿ ಎಣ್ಣೆಯಲ್ಲಿ 5-7% ಇರುವುದು ಸಾಮಾನ್ಯ. ಆದ್ದರಿಂದ ‘ಸ್ಕೂಟರಿಗೆ ಹಾಕಬಹುದಾ ಮಿಸ್’ ಅಂತ ಕೇಳುವವರಿಗೆ ಉತ್ತರ: ಇಲ್ಲ. ರಿಫೈನರಿಯಲ್ಲಿ ಹೈಡ್ರೋಜನ್ ಕೊಟ್ಟು ಸಾರಜನಕ, ಆಮ್ಲಜನಕ ಎರಡನ್ನೂ ತೆಗೆಯಬೇಕು.

ವಾಸನೆಯನ್ನು ಹೇಗೆ ಹೇಳಲಿ. ದೋಸೆ ಹಂಚಿನ ಮೇಲೆ ಯಾರೋ ಉಗುರು ಸುಟ್ಟು, ಪಕ್ಕದಲ್ಲಿ ಒಣಮೀನು ಹುರಿದು, ಸೀಮೆಎಣ್ಣೆ ಚೆಲ್ಲಿದಂತೆ. ಕೂದಲಿಗೆ ಹತ್ತಿದರೆ ಎರಡು ಸ್ನಾನಕ್ಕೂ ಹೋಗದು. ತೊಳೆಯಲು ಡೈಕ್ಲೋರೋಮೀಥೇನ್ ಅನ್ನುವ ದ್ರಾವಕ ಬಳಸುತ್ತೇವೆ; ನೀಲಿ ನೈಟ್ರೈಲ್ ಕೈಗವಸು ಅದಕ್ಕೆ ಲೆಕ್ಕವೇ ಅಲ್ಲ, ನಿಮಿಷಗಳಲ್ಲಿ ಒಳಗೆ ಇಳಿದುಬಿಡುತ್ತದೆ. ಫ್ಯೂಮ್ ಹುಡ್ (ಹೊಗೆ, ಆವಿ ಹೊರಗೆಳೆಯುವ ಗೂಡು) ಇಲ್ಲದ ಕಾಲೇಜಿನವರು ಈ ಯಂತ್ರದ ತಂಟೆಗೇ ಬರಬೇಡಿ. ಪಾತ್ರೆಯ ತಳ ಮಟ್ಟಸವಾಗಿರುವುದರಿಂದ ಮೂಲೆಗಳಲ್ಲಿ ಟಾರ್ ಕೂರುತ್ತದೆ. ತಳವನ್ನು ಬಟ್ಟಲಿನಂತೆ ದುಂಡಗೆ ಮಾಡಿಕೊಡಿ ಅಂದೆ, ಎಂಟು ಸಾವಿರ ಹೆಚ್ಚಾಗುತ್ತದೆ ಅಂದರು. ಕೊಡಿ. ಕೊಳ್ಳುವಾಗಲೇ ಕೊಟ್ಟುಬಿಡಿ.

ಆಮೇಲೆ ಕೆರೆಯ ಹಾವಸೆ. ಬೆಂಗಳೂರಿನಲ್ಲಿ ಕೊಳಚೆ ನೀರಿನ ಕೆರೆಗೇನು ಬರ, ಪಾಚಿಗೆ ಗೊಬ್ಬರವಾಗುವ ಸಾರಜನಕ, ರಂಜಕ ಪುಗಸಟ್ಟೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಈ ಊರಿನ ಕೆರೆಗಳ ಪಾಚಿಯಿಂದ ಇಂಧನ ತೆಗೆಯುವ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಮ್ಮ ಹುಡುಗಿಯರೂ ಹುಮ್ಮಸ್ಸಿನಿಂದ ಕಾಲೇಜಿನ ಹತ್ತಿರದ ಕೆರೆಯಿಂದ ಅನುಮತಿ ಪಡೆದು ಎರಡು ಬಕೆಟ್ ತಂದರು. ಬರಿಗೈಯಲ್ಲಿ ಮುಟ್ಟಬೇಡಿ ಅಂತ ಗದರಿದೆ. ಹಸಿರು ಪೇಂಟ್ ಚೆಲ್ಲಿದಂತೆ ಕಾಣುವುದು ಎಷ್ಟೋ ಸಲ ಮೈಕ್ರೋಸಿಸ್ಟಿಸ್, ಅದು ವಿಷ ಬಿಡುತ್ತದೆ. ಒಣಗಿಸಿ 550 ಡಿಗ್ರಿಯಲ್ಲಿ ಸುಟ್ಟು ನೋಡಿದರೆ ನೂರಕ್ಕೆ 34 ಪಾಲು ಬೂದಿ. ಅಂದರೆ ಮೂರನೇ ಒಂದು ಪಾಲು ಮಣ್ಣು, ಮರಳು. ಅದೇ 25 ಗ್ರಾಂಗೆ ಎಣ್ಣೆ 3 ಗ್ರಾಂ. ಮಣ್ಣು ಮಾತ್ರ ತಳದಲ್ಲಿ ಸಿಮೆಂಟಿನಂತೆ ಕೂತಿತ್ತು. ಅವತ್ತಿನ ಕೆರೆತಕ್ಕೆ ನನ್ನ ಬಲಗೈ ಹೆಬ್ಬೆರಳು ವಾರವಿಡೀ ನೋಯಿತು. ಇನ್ನೊಂದು ಮಾತು, ಸಮುದ್ರದ ಪಾಚಿ ಬೇಯಿಸುವವರು ಉಪ್ಪನ್ನು ಚೆನ್ನಾಗಿ ತೊಳೆಯಿರಿ. ಬಿಸಿನೀರು, ಕ್ಲೋರೈಡ್, ಎಳೆತ ಮೂರೂ ಸೇರಿದರೆ 316 ಉಕ್ಕು ಒಳಗೊಳಗೇ ಬಿರಿಯುತ್ತದೆ.

ಎಣ್ಣೆ ಬಿಟ್ಟು ಉಳಿದ ನೀರು ಕಡು ಚಹಾ ಬಣ್ಣ, ಅಮೋನಿಯಾ ನಾತ. ಅದರಲ್ಲೇ ಮತ್ತೆ ಪಾಚಿ ಬೆಳೆಸಬಹುದು ಅನ್ನುವುದು ಈ ವಿದ್ಯೆಯ ಇನ್ನೊಂದು ಆಸೆ. ಇಪ್ಪತ್ತಕ್ಕೆ ಒಂದು ಪಾಲು ಬೆರೆಸಿದ ಜಾಡಿಯಲ್ಲಿ ಕ್ಲೋರೆಲ್ಲಾ ಪಾಚಿ ಎರಡೇ ದಿನಕ್ಕೆ ಬಿಳಿಚಿ ಸತ್ತಿತು. ಇನ್ನೂರಕ್ಕೆ ಒಂದು ಹಾಕಿದ ಜಾಡಿ ಹಸಿರಾಗಿ ನಳನಳಿಸಿತು. ಆ ಜಾಡಿ ಈಗಲೂ ನನ್ನ ಕಿಟಕಿಯಲ್ಲಿದೆ.

ಇನ್ನು ದುಡ್ಡಿನ, ಕರೆಂಟಿನ ಲೆಕ್ಕ. ಪ್ಲಗ್ಗಿಗೆ ಒಂದು ಮೀಟರ್ ಹಾಕಿ ನೋಡಿದೆ. ಒಂದು ಸಲ ಬೇಯಿಸಲು 1.9 ಯೂನಿಟ್. ಬಂದ 7 ಗ್ರಾಂ ಎಣ್ಣೆಯನ್ನು ಸುಟ್ಟರೆ ಸಿಗುವ ಶಾಖ, ಕೆ.ಜಿ.ಗೆ 34 ಮೆಗಾಜೌಲ್ ಅಂತ ಹಿಡಿದರೂ, ಒಂದು ಯೂನಿಟ್ಟಿನ ಹದಿನೈದನೇ ಒಂದು ಪಾಲು! ನಕ್ಕುಬಿಡಬೇಡಿ. ಕರೆಂಟಿನ ದೊಡ್ಡ ಪಾಲು ಹೋಗಿದ್ದು ಪಾಚಿಗಲ್ಲ, ನೀರಿಗೂ ಅಲ್ಲ, ಹನ್ನೆರಡು ಕೆ.ಜಿ. ಉಕ್ಕಿಗೆ ಮತ್ತು ಸುತ್ತಲಿನ ಗಾಳಿಗೆ. ಕಾಲು ಲೀಟರ್ ನೀರಿಗಿಂತ ಐದು ಪಟ್ಟು ಶಾಖವನ್ನು ಉಕ್ಕೇ ಕುಡಿಯುತ್ತದೆ, ಆಮೇಲೆ ಫ್ಯಾನಿನ ಗಾಳಿಗೆ ಕೊಟ್ಟುಬಿಡುತ್ತದೆ. ಮೂಗಿಗಿಂತ ಮೂಗುತಿ ಭಾರ. ಈ ಯಂತ್ರ ಇಂಧನ ಮಾಡುವುದಕ್ಕಲ್ಲ, ಕಲಿಯುವುದಕ್ಕೆ. ಇಂಧನ ಬೇಕೆಂದರೆ ಒಂದು ಕಡೆ ಪಂಪಿನಲ್ಲಿ ಪಾಚಿ ಗಂಜಿ ನುಗ್ಗುತ್ತಿರಬೇಕು, ಇನ್ನೊಂದು ಕಡೆ ಎಣ್ಣೆ ಇಳಿಯುತ್ತಿರಬೇಕು, ಹೊರಗೆ ಬರುವ ಬಿಸಿ ಒಳಗೆ ಹೋಗುವ ತಣ್ಣನೆಯದನ್ನು ಕಾಯಿಸಬೇಕು. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು 2013ರಲ್ಲಿ ಅಂಥದ್ದನ್ನೇ ತೋರಿಸಿದರು, 350 ಡಿಗ್ರಿ, 200 ಬಾರಿನ ಸುಮಾರಿಗೆ, ಒಂದು ಗಂಟೆಯೊಳಗೆ. ಮಿಷಿಗನ್ ವಿಶ್ವವಿದ್ಯಾಲಯದವರು ಅದಕ್ಕೂ ಮೊದಲು 2012ರಲ್ಲಿ ಪುಟ್ಟ ಉಕ್ಕಿನ ಕೊಳವೆಯನ್ನು ಕಾದ ಮರಳಿಗೆ ಚುಚ್ಚಿ ಒಂದೇ ನಿಮಿಷದಲ್ಲಿ ಪಾಚಿಯ 65% ಎಣ್ಣೆಯಾಯಿತು ಅಂದರು. ನಮ್ಮ ಪಾತ್ರೆ 300 ಮುಟ್ಟುವುದಕ್ಕೇ 55 ನಿಮಿಷ. ಹಾಗಂತ ಹಾದಿ ಸಲೀಸೂ ಅಲ್ಲ. 2009ರಿಂದ ಪಾಚಿ ಇಂಧನಕ್ಕೆ ದುಡ್ಡು ಸುರಿದ ತೈಲ ಕಂಪನಿ ಎಕ್ಸಾನ್‌ಮೊಬಿಲ್ 2023ರ ಹೊತ್ತಿಗೆ ಕೈ ತೊಳೆದುಕೊಂಡಿತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಪೂರ್ತಿ ಮ್ಯಾನ್ಯುಯಲ್‌ಗೆ. ಇದ್ದದ್ದರಲ್ಲಿ ಅರ್ಧ ಆ ಫಿಟ್ಟರಿಗೆ, ಆತ ನಿವೃತ್ತಿಯಾದರೆ ಅದನ್ನೂ ವಾಪಸ್ ತೆಗೆದುಕೊಳ್ಳುತ್ತೇನೆ. ಕೊಳ್ಳುವವರು ಗ್ರಾಫೈಟ್ ಗ್ಯಾಸ್ಕೆಟ್, ಎರಡನೇ ಗೇಜು, ದುಂಡು ತಳ, ಕಾಂಟ್ಯಾಕ್ಟರ್ ಇಷ್ಟನ್ನು ಪರ್ಚೇಸ್ ಆರ್ಡರಿನಲ್ಲೇ ಬರೆಸಿ. ಹೈಡ್ರೋಟೆಸ್ಟನ್ನು ಕಣ್ಣೆದುರು ಮಾಡಿಸಿ, ನಂಬರ್ ನೀವೇ ಓದಿ.

ಹೋದ ತಿಂಗಳು ಫಿಟ್ಟರ್ ಗ್ಯಾಸ್ಕೆಟ್ ಕೊಡಲು ಬಂದವನು ಗೋಡೆಯ ಹಾಳೆಯ ಮುಂದೆ ಬಹಳ ಹೊತ್ತು ನಿಂತು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದ. ನಾನು ಮರೆತೇಬಿಟ್ಟಿದ್ದೆ. ಮೊನ್ನೆ ತುಮಕೂರು ಕಡೆಯ ಕಾಲೇಜೊಂದರ ಲ್ಯಾಬಿನವರು ಫೋನ್ ಮಾಡಿದರು. ಅವರಿಗೂ ಅದೇ ಶೆಡ್ಡಿನ ಪಾತ್ರೆ ಬಂದಿದೆಯಂತೆ. ಜೊತೆಗೆ ಇಂಗ್ಲಿಷಿನ ನಾಲ್ಕು ಪುಟದ ಮೇಲೆ ಒಂದು ಕನ್ನಡದ ಹಾಳೆ, ಲ್ಯಾಮಿನೇಶನ್ ಮಾಡಿಸಿದ್ದು, ಯಾರದೋ ಸೊಟ್ಟ ಕೈಬರಹದ ಜೆರಾಕ್ಸ್. ಫಿಟ್ಟರೇ ನನ್ನ ನಂಬರ್ ಕೊಟ್ಟು, ಡೌಟಿದ್ದರೆ ಈ ಮೇಡಂನ ಕೇಳಿ ಅಂದನಂತೆ. ‘ಎಲ್ಲಾ ಅರ್ಥ ಆಯ್ತು ಮೇಡಂ,’ ಅಂದರು ಅವರು, ‘ಒಂಬತ್ತನೇ ಸಾಲಲ್ಲಿ ಒತಡ ಇಳಿಯುವ ತನಕ ಕಾಯಿರಿ ಅಂತ ಇದೆ. ಒತಡ ಅಂದ್ರೆ ಯಾವ ಪಾರ್ಟು?’

ಗೋಡೆಯ ಹತ್ತಿರ ಹೋಗಿ ನೋಡಿದೆ. ಇಷ್ಟು ದಿನದಿಂದ ಯಾರ ಕಣ್ಣಿಗೂ ಬಿದ್ದಿಲ್ಲ, ಒತ್ತಡಕ್ಕೇ ಒತ್ತು ಇಲ್ಲ.